ಲೆಕ್ಕವನ್ನು ಹೊದಿಕೆಯ ಮೇಲೆ ಬರೆದವರು

‘ಸ್ವಯಂಕಲಿಕೆ’ ಎಂಬ ಮಾತು ಈಗ ಎಲ್ಲೆಡೆಯಿಂದಲೂ ಕೇಳಿಬರುತ್ತಿದೆ. ಮೊಬೈಲಿನಲ್ಲಿ ಪಾಠ ಮಾರುವ ಕಂಪನಿಗಳು ಅದನ್ನು ಹೇಳುತ್ತವೆ. ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆಗಳನ್ನು ಸರ್ಕಾರ ಏಕೆ ನಡೆಸಬೇಕೆಂದು ಕೇಳುವವರೂ ಅದನ್ನೇ ಹೇಳುತ್ತಾರೆ. ಮನಸ್ಸಿದ್ದರೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಕಲಿಯಬಹುದು ಎಂಬ ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ತಾನಾಗಿ ಕಲಿಯುವುದೆಂದರೆ ವಾಸ್ತವವಾಗಿ ಏನು, ಅದಕ್ಕೆ ಯಾವ ಆಸರೆ ಬೇಕು, ಹಾಗೆ ಕಲಿತವನ ಮೇಲೆ ಯಾವ ಹೊಣೆ ಬೀಳುತ್ತದೆ ಎಂಬ ವಿಚಾರ ಮಾತ್ರ ವಿರಳವಾಗಿದೆ. ಈ ಸಂಚಿಕೆಯಲ್ಲಿ ಆ ವಿಚಾರವನ್ನು ಕೈಗೆತ್ತಿಕೊಳ್ಳುತ್ತಿದ್ದೇವೆ. ಅದಕ್ಕಾಗಿ ಓದುಗರನ್ನು ನಮ್ಮ ಪತ್ರಿಕೆ ಎಂದೂ ಕರೆದೊಯ್ಯದ ಒಂದು ಸ್ಥಳಕ್ಕೆ, ಇಂಗ್ಲೆಂಡ್ ಮತ್ತು ಅಮೆರಿಕದ ಪಂಕ್ ಸಂಗೀತದ ಲೋಕಕ್ಕೆ, ಕರೆದೊಯ್ಯಬೇಕಾಗಿದೆ.

ಪಂಕ್ ಎಂದೊಡನೆ ಹರಿದ ಅಂಗಿ, ಬಣ್ಣ ಬಳಿದು ನಿಲ್ಲಿಸಿದ ಕೂದಲು, ಕಿವಿಗಡಚಿಕ್ಕುವ ಗಿಟಾರಿನ ಸದ್ದು ಇಷ್ಟೇ ಬಹುಮಂದಿಯ ಕಣ್ಣಮುಂದೆ ಬರುತ್ತದೆ. ಆ ಸಂಗೀತವನ್ನು ಓದುಗರು ಮೆಚ್ಚಬೇಕೆಂಬ ಒತ್ತಾಯ ನಮ್ಮದಲ್ಲ. ಆದರೆ 1976ರಿಂದ ಕೆಲವು ವರ್ಷಗಳ ಕಾಲ, ಸಂಗೀತ ಶಾಲೆಯ ಮೆಟ್ಟಿಲು ಹತ್ತದ, ಕೈಯಲ್ಲಿ ಹಣವಿಲ್ಲದ, ಇಪ್ಪತ್ತು ವರ್ಷದ ಆಸುಪಾಸಿನ ಹುಡುಗ ಹುಡುಗಿಯರು ಅಲ್ಲಿ ಒಂದು ಕಲಿಕೆಯ ಪದ್ಧತಿಯನ್ನು ರೂಪಿಸಿಕೊಂಡರು. ‘ನೀನೇ ಮಾಡು’ ಎಂಬುದು ಅದರ ಹೆಸರು. ಆ ಪದ್ಧತಿಯನ್ನು ಸಂಗೀತದಿಂದ ಬೇರ್ಪಡಿಸಿ ನೋಡಿದರೆ, ಮಲೆನಾಡಿನ ವಿದ್ಯಾರ್ಥಿಗೂ ರೈತನಿಗೂ ಉಪಯುಕ್ತವಾದ ತಿರುಳು ಅದರಲ್ಲಿದೆ.

ಮೂರು ಸ್ವರಗುಚ್ಛಗಳು

1970ರ ದಶಕದ ನಡುವಿನ ಬ್ರಿಟನ್ ಸಂಕಟದಲ್ಲಿತ್ತು. ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿತ್ತು. 1976ರಲ್ಲಿ ಆ ದೇಶ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಚಾಚಿತು. ಶಾಲೆ ಮುಗಿಸಿ ಹೊರಬಂದವರಿಗೆ ಕೆಲಸವಿರಲಿಲ್ಲ. ಜನಪ್ರಿಯ ಸಂಗೀತವಾದರೋ ದೊಡ್ಡ ಕಂಪನಿಗಳ, ದುಬಾರಿ ಸ್ಟುಡಿಯೋಗಳ, ವರ್ಷಗಟ್ಟಲೆ ಸಾಧನೆ ಮಾಡಿದ ನಿಪುಣರ ವಶದಲ್ಲಿತ್ತು. ಉಳಿದವರಿಗೆ ಹಣಕೊಟ್ಟು ಕೇಳುವ ಕೆಲಸ ಮಾತ್ರ ಉಳಿದಿತ್ತು.

ಆ ವರ್ಷದ ಜುಲೈ ತಿಂಗಳಿನಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತನೊಬ್ಬ, ಮಾರ್ಕ್ ಪೆರಿ ಎಂಬ ತರುಣ, ಅಮೆರಿಕದ ರಮೋನ್ಸ್ ತಂಡದ ಹಾಡುಗಳನ್ನು ಕೇಳಿ, ಅವುಗಳ ಬಗ್ಗೆ ಯಾವ ಪತ್ರಿಕೆಯೂ ಸರಿಯಾಗಿ ಬರೆಯುತ್ತಿಲ್ಲವೆನಿಸಿ, ತಾನೇ ಒಂದು ಪತ್ರಿಕೆಯನ್ನು ಹೊರತಂದ. ಅದರ ಹೆಸರು ‘ಸ್ನಿಫಿನ್ ಗ್ಲೂ’. ಬೆರಳಚ್ಚು ಮಾಡಿದ ಹಾಳೆಗಳು, ದಪ್ಪ ಪೆನ್ನಿನಿಂದ ಗೀಚಿದ ಶೀರ್ಷಿಕೆಗಳು, ನೆರಳಚ್ಚು ಪ್ರತಿಗಳು, ಮೂಲೆಗೊಂದು ಪಿನ್ನು. ಅಕ್ಷರದೋಷಗಳನ್ನು ಹೊಡೆದುಹಾಕಿ ಮುಂದುವರಿದ ಗುರುತುಗಳೂ ಹಾಗೆಯೇ ಇದ್ದವು. ಮೊದಲ ಸಂಚಿಕೆಯ ಪ್ರತಿಗಳು ಸುಮಾರು ಐವತ್ತು. ಒಂದು ವರ್ಷದಲ್ಲಿ ಅದರ ಪ್ರಸಾರ ಸಾವಿರಗಳಿಗೆ ಏರಿತು. ಆದರೆ ಪೆರಿ ತನ್ನ ಓದುಗರಿಗೆ ಹೇಳಿದ್ದು, ಈ ಪತ್ರಿಕೆಯಿಂದಲೇ ತೃಪ್ತರಾಗದೆ ನಿಮ್ಮ ನಿಮ್ಮ ಪತ್ರಿಕೆಗಳನ್ನು ನೀವೇ ಆರಂಭಿಸಿರಿ ಎಂದು. 1977ರಲ್ಲಿ, ಜನಪ್ರಿಯತೆಯ ಉತ್ತುಂಗದಲ್ಲಿದ್ದಾಗಲೇ ಅವನು ಅದನ್ನು ನಿಲ್ಲಿಸಿದ. ಅಷ್ಟರಲ್ಲಿ ಬ್ರಿಟನ್ನಿನ ಊರೂರುಗಳಲ್ಲಿ ಅಂತಹ ಕೈಪತ್ರಿಕೆಗಳು ಹುಟ್ಟಿಕೊಂಡಿದ್ದವು. ಅವುಗಳನ್ನು ಫ್ಯಾನ್‌ಝೀನ್ ಎಂದೂ, ಮುಂದೆ ಚಿಕ್ಕದಾಗಿ ಝೀನ್ ಎಂದೂ ಕರೆದರು.

ಆ ಕೈಪತ್ರಿಕೆಗಳಲ್ಲಿ ಒಂದಾದ ‘ಸೈಡ್‌ಬರ್ನ್ಸ್’ 1977ರ ಜನವರಿಯಲ್ಲಿ ಒಂದು ಚಿತ್ರವನ್ನು ಪ್ರಕಟಿಸಿತು. ಗಿಟಾರಿನ ತಂತಿಗಳ ಮೇಲೆ ಬೆರಳಿಟ್ಟು ನುಡಿಸುವ ಮೂರು ಸ್ವರಗುಚ್ಛಗಳ ರೇಖಾಚಿತ್ರ ಅದು. ಇಷ್ಟು ತಿಳಿದರೆ ಸಾಕು, ತಂಡ ಕಟ್ಟಿ ಎಂಬ ಕರೆ ಅದರ ಜೊತೆಗಿತ್ತು. ಪಂಕ್ ಚಳವಳಿಯ ಸಾರಸರ್ವಸ್ವವೆಂಬಂತೆ ಆ ಚಿತ್ರ ಇಂದಿಗೂ ಉದಾಹರಿಸಲ್ಪಡುತ್ತಿದೆ. ಕಲಿಕೆ ಪೂರ್ಣಗೊಂಡ ಮೇಲೆ ಕೆಲಸ ಆರಂಭಿಸುವುದು ರೂಢಿ. ಕೆಲಸ ಆರಂಭಿಸಿದರೆ ಕಲಿಕೆ ಅದರೊಳಗಿನಿಂದಲೇ ಬೆಳೆಯುತ್ತದೆ ಎಂಬುದು ಆ ಚಿತ್ರದ ವಾದ.

ಇದು ಧೈರ್ಯ ತುಂಬುವ ಮಾತು, ನಿಜ. ಆದರೆ ಧೈರ್ಯವೊಂದರಿಂದಲೇ ಕಲಿಕೆಯ ಪದ್ಧತಿ ನಿರ್ಮಾಣವಾಗುವುದಿಲ್ಲ. ಪಂಕ್‌ನ ಪ್ರಸಿದ್ಧ ತಂಡಗಳೇ ಬಹುಬೇಗ ದೊಡ್ಡ ಕಂಪನಿಗಳ ಜೊತೆ ಕರಾರು ಮಾಡಿಕೊಂಡವು. ಸೆಕ್ಸ್ ಪಿಸ್ಟಲ್ಸ್ ತಂಡ 1976ರ ಅಕ್ಟೋಬರಿನಲ್ಲಿ ಇಎಂಐ ಕಂಪನಿಯನ್ನು, ಕ್ಲ್ಯಾಶ್ ತಂಡ 1977ರ ಜನವರಿಯಲ್ಲಿ ಸಿಬಿಎಸ್ ಕಂಪನಿಯನ್ನು ಸೇರಿತು. ನಮಗೆ ಪಾಠವಾಗಬಲ್ಲ ಕೆಲಸ ನಡೆದದ್ದು ಅಷ್ಟೇನೂ ಹೆಸರು ಮಾಡದ ತಂಡಗಳಲ್ಲಿ.

ಐದುನೂರು ಪೌಂಡ್, ನೂರೈವತ್ತಮೂರು ಪೌಂಡ್

ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ ಸ್ನೇಹಿತರಿಂದಲೂ ಮನೆಯವರಿಂದಲೂ ಸುಮಾರು 500 ಪೌಂಡ್ ಸಾಲ ಪಡೆದು, 1976ರ ಡಿಸೆಂಬರ್ 28ರಂದು ನಾಲ್ಕು ಹಾಡುಗಳನ್ನು ಧ್ವನಿಮುದ್ರಿಸಿ, 1977ರ ಜನವರಿ ಕೊನೆಯಲ್ಲಿ ತನ್ನದೇ ಹೆಸರುಪಟ್ಟಿಯಡಿ ಬಿಡುಗಡೆ ಮಾಡಿತು. ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಆ ಧ್ವನಿಮುದ್ರಿಕೆಯ ಮೊದಲ ಮುದ್ರಣ 1000 ಪ್ರತಿಗಳು. ಬೇಡಿಕೆ ಬಂದಂತೆ ಮರುಮುದ್ರಣಗಳಾಗಿ ಸುಮಾರು 16,000 ಪ್ರತಿಗಳು ಮಾರಾಟವಾದವು. ಇದಕ್ಕಿಂತಲೂ ಗಮನಾರ್ಹವಾದ ಸಂಗತಿ ಅದರ ಹೊದಿಕೆಯ ಮೇಲಿತ್ತು. ಪ್ರತಿಯೊಂದು ಹಾಡನ್ನೂ ಎಷ್ಟನೆಯ ಪ್ರಯತ್ನದಲ್ಲಿ ಧ್ವನಿಮುದ್ರಿಸಿದ್ದು, ಅದರ ಮೇಲೆ ಅನಂತರ ಏನಾದರೂ ಸೇರಿಸಿದ್ದುಂಟೇ ಎಂಬ ವಿವರವನ್ನು ಅವರು ಅಲ್ಲಿ ಮುದ್ರಿಸಿದ್ದರು. ಕೊಂಡವರು ಹಾಡಿನ ಜೊತೆಗೆ ಹಾಡು ತಯಾರಾದ ಬಗೆಯನ್ನೂ ಪಡೆದರು.

ಅದೇ ವರ್ಷ ಲಂಡನ್ನಿನ ಡೆಸ್ಪರೇಟ್ ಬೈಸಿಕಲ್ಸ್ ಎಂಬ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ತಮ್ಮ ಮೊದಲ ಧ್ವನಿಮುದ್ರಿಕೆಗೆ ಒಟ್ಟು 153 ಪೌಂಡ್ ಖರ್ಚಾಯಿತೆಂದು ಎರಡನೆಯದರ ಹೊದಿಕೆಯಲ್ಲಿ ಬರೆದು, ಇನ್ನು ಕೇಳುಗರೂ ತಮ್ಮ ತಮ್ಮದನ್ನು ಮಾಡಲಿ ಎಂದು ಕರೆಕೊಟ್ಟಿತು. 1978ರಲ್ಲಿ ಸ್ಕ್ರಿಟಿ ಪೊಲಿಟಿ ಎಂಬ ತಂಡ ನೆರಳಚ್ಚು ಮಾಡಿ ಕೈಯಿಂದ ಮಡಚಿದ ಹೊದಿಕೆಯ ಮೇಲೆ ಸ್ಟುಡಿಯೋ ಬಾಡಿಗೆ, ಅಚ್ಚಿನ ತಯಾರಿ, ಮುದ್ರಣ, ಅಂಟುಚೀಟಿ ಇವುಗಳಲ್ಲಿ ಯಾವುದಕ್ಕೆ ಎಷ್ಟಾಯಿತು, ಆ ಕೆಲಸ ಎಲ್ಲಿ ಆಯಿತು ಎಂಬ ಪಟ್ಟಿಯನ್ನೇ ಕೊಟ್ಟಿತು. ಎಸೆಕ್ಸ್ ಪ್ರಾಂತದ ಎಪಿಂಗ್ ಅರಣ್ಯದ ಬಳಿ, ಹಳೆಯ ತೋಟದ ಮನೆಯೊಂದರಲ್ಲಿ ತರಕಾರಿ ಬೆಳೆದುಕೊಂಡು ಒಟ್ಟಾಗಿ ಬಾಳುತ್ತಿದ್ದ ಕ್ರಾಸ್ ತಂಡದವರು, ಇದಕ್ಕಿಂತ ಹೆಚ್ಚು ಹಣ ಕೊಡಬೇಡಿ ಎಂದು ಗರಿಷ್ಠ ಬೆಲೆಯನ್ನು ಹೊದಿಕೆಯ ಮೇಲೆಯೇ ಅಚ್ಚುಹಾಕಿಸುತ್ತಿದ್ದರು. ಇಂತಹ ಮುದ್ರಿಕೆಗಳನ್ನೂ ಕೈಪತ್ರಿಕೆಗಳನ್ನೂ ಮಾರಲು ಜೆಫ್ ಟ್ರಾವಿಸ್ ಎಂಬುವರು 1976ರಲ್ಲಿ ಪಶ್ಚಿಮ ಲಂಡನ್ನಿನಲ್ಲಿ ತೆರೆದಿದ್ದ ‘ರಫ್ ಟ್ರೇಡ್’ ಎಂಬ ಅಂಗಡಿಯಂತಹ ತಾಣಗಳಿದ್ದವು.

ಇಲ್ಲೊಂದು ಸರಪಳಿಯನ್ನು ಓದುಗರು ಗುರುತಿಸಬೇಕು. ಮೊದಲ ತಂಡ ಮಾಡಿತೋರಿಸಿತು, ಎರಡನೆಯದು ಖರ್ಚನ್ನು ಹೇಳಿತು, ಮೂರನೆಯದು ಬಾಬುವಾರು ಲೆಕ್ಕವನ್ನೂ ಸ್ಥಳಗಳನ್ನೂ ಕೊಟ್ಟಿತು. ಪ್ರತಿಯೊಬ್ಬರೂ ತಮಗಿಂತ ಮುಂಚಿನವರಿಂದ ಪಡೆದುದನ್ನು ಇನ್ನಷ್ಟು ಸ್ಪಷ್ಟಗೊಳಿಸಿ ಮುಂದಿನವರಿಗೆ ಬಿಟ್ಟುಕೊಟ್ಟರು. ವ್ಯಾಪಾರದಲ್ಲಿ ಗುಟ್ಟಾಗಿ ಉಳಿಯುವ ವಿವರ ಇಲ್ಲಿ ಬಹಿರಂಗವಾದ ಪಾಠವಾಯಿತು.

ಬಿಚ್ಚಿ ನೋಡುವ ವಿದ್ಯೆ

ಈ ಪದ್ಧತಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ರಾಜಧಾನಿಯಲ್ಲಿ ಇನ್ನೊಂದು ರೂಪ ತಾಳಿತು. 1980ರಲ್ಲಿ, ವಾಷಿಂಗ್ಟನ್ ನಗರದಲ್ಲಿ ಪ್ರೌಢಶಾಲೆ ಮುಗಿಸಿದ್ದ ಇಯಾನ್ ಮೆಕ್ಕೈ, ಜೆಫ್ ನೆಲ್ಸನ್ ಮತ್ತು ಅವರ ಗೆಳೆಯರು ತಮ್ಮ ‘ಟೀನ್ ಐಡಲ್ಸ್’ ತಂಡ ಮುರಿದುಬೀಳುವ ವೇಳೆಗೆ ಕಾರ್ಯಕ್ರಮಗಳಿಂದ ಕೂಡಿಟ್ಟಿದ್ದ ಅಲ್ಪ ಹಣವನ್ನು ಹಂಚಿಕೊಳ್ಳದೆ, ತಂಡದ ಹಾಡುಗಳ ಒಂದು ಮುದ್ರಿಕೆಯನ್ನು ಹೊರತರಲು ನಿಶ್ಚಯಿಸಿದರು. ‘ಡಿಸ್ಕಾರ್ಡ್ ರೆಕಾರ್ಡ್ಸ್’ ಹುಟ್ಟಿದ್ದು ಹೀಗೆ. ಮುದ್ರಿಕೆಗೆ ಹೊದಿಕೆ ಮಾಡುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಅವರು ಇಂಗ್ಲೆಂಡಿನಿಂದ ಬಂದ ಒಂದು ಮುದ್ರಿಕೆಯ ಹೊದಿಕೆಯನ್ನು ತೆಗೆದುಕೊಂಡು, ಅಂಟು ಬಿಡಿಸಿ, ಚಪ್ಪಟೆಯಾಗಿ ಹರಡಿ, ಅದರ ಅಂಚುಗಳನ್ನು ಕಾಗದದ ಮೇಲೆ ಗೆರೆಯೆಳೆದುಕೊಂಡರು. ಅದರಂತೆ ಮುದ್ರಿಸಿ, ಕತ್ತರಿಯಿಂದ ಕತ್ತರಿಸಿ, ಮಡಚಿ, ಒಂದೊಂದಾಗಿ ಕೈಯಿಂದ ಅಂಟಿಸಿದರು. ಮುಂದೆಯೂ ಹಲವು ಮುದ್ರಿಕೆಗಳಿಗೆ ಸಾವಿರಾರು ಹೊದಿಕೆಗಳನ್ನು ಸ್ನೇಹಿತರೆಲ್ಲ ಕುಳಿತು ಹೀಗೆಯೇ ತಯಾರಿಸಿದರು.

ಕೃಷಿ ವಿಜ್ಞಾನದಲ್ಲಿ ತೊಡಗಿದವರಿಗೆ ಈ ವಿದ್ಯೆ ಅಪರಿಚಿತವಲ್ಲ. ಬಾಡಿದ ಗಿಡದ ರೋಗವನ್ನು ಎಲೆ ನೋಡಿ ಊಹಿಸುವುದಕ್ಕಿಂತ ಗಿಡವನ್ನು ಬೇರುಸಹಿತ ಕಿತ್ತು, ಕಾಂಡವನ್ನು ಸೀಳಿ ನೋಡುವುದು ಲೇಸು. ಸಿದ್ಧವಸ್ತು ತನ್ನೊಳಗೆ ತಾನು ತಯಾರಾದ ಕ್ರಮವನ್ನು ಅಡಗಿಸಿಟ್ಟುಕೊಂಡಿರುತ್ತದೆ. ತಾಳ್ಮೆಯಿಂದ ಬಿಚ್ಚುವವನಿಗೆ ಅದು ಕಾಣಸಿಗುತ್ತದೆ. ಡಿಸ್ಕಾರ್ಡ್ ಸಂಸ್ಥೆ ನಾಲ್ಕು ದಶಕಗಳನ್ನು ಮೀರಿ ಬಾಳಿದೆ, ಕಲಾವಿದರೊಡನೆ ಲಿಖಿತ ಕರಾರಿಲ್ಲದೆ, ವಿಶ್ವಾಸದ ಮೇಲೆ. 1990ರ ದಶಕದಲ್ಲಿ ಸಮೀಪದ ಆರ್ಲಿಂಗ್ಟನ್ನಿನಲ್ಲಿ ‘ಸಿಂಪಲ್ ಮಷೀನ್ಸ್’ ಸಂಸ್ಥೆಯನ್ನು ನಡೆಸುತ್ತಿದ್ದ ಜೆನಿ ಟೂಮಿ ಮತ್ತು ಕ್ರಿಸ್ಟಿನ್ ಥಾಮ್ಸನ್ ಎಂಬ ಇಬ್ಬರು ಯುವತಿಯರು, ಧ್ವನಿಮುದ್ರಿಕೆ ಹೊರತರುವ ಕ್ರಮವನ್ನು ಆದಿಯಿಂದ ಅಂತ್ಯದವರೆಗೆ ವಿವರಿಸುವ ಚಿಕ್ಕ ಕೈಪಿಡಿಯೊಂದನ್ನು ಸಿದ್ಧಪಡಿಸಿ ಸಾವಿರಾರು ಮಂದಿಗೆ ಅಂಚೆಯಲ್ಲಿ ಕಳುಹಿಸಿದರು. ಕೇಳಿದವರು ನಾಳೆ ತಮ್ಮ ಪ್ರತಿಸ್ಪರ್ಧಿಗಳಾಗಬಹುದು ಎಂಬ ಅಂಜಿಕೆ ಅವರಿಗಿರಲಿಲ್ಲ.

ಶಾಲೆಯ ಆಚೆಗಿನ ಕಲಿಕೆಯನ್ನು ಕುರಿತ ಚಿಂತನೆಯೂ ಸರಿಸುಮಾರು ಅದೇ ಕಾಲದಲ್ಲಿ ಬೇರೆ ದಾರಿಯಿಂದ ಇದೇ ನೆಲೆಗೆ ಬಂದಿತ್ತು. ಇವಾನ್ ಇಲಿಚ್ 1971ರಲ್ಲಿ ಪ್ರಕಟಿಸಿದ ‘ಡಿಸ್ಕೂಲಿಂಗ್ ಸೊಸೈಟಿ’ ಗ್ರಂಥದಲ್ಲಿ ಕಲಿಕೆಯ ಜಾಲಗಳನ್ನು ಸೂಚಿಸಿದರು. ಉಪಕರಣಗಳು ಎಲ್ಲಿ ದೊರೆಯುತ್ತವೆ, ಯಾವ ಕುಶಲತೆಯನ್ನು ಯಾರು ಕಲಿಸಬಲ್ಲರು, ಜೊತೆಗೆ ಕಲಿಯಬಯಸುವವರು ಯಾರು, ಮಾರ್ಗದರ್ಶನ ನೀಡಬಲ್ಲ ಹಿರಿಯರು ಯಾರು ಎಂಬ ನಾಲ್ಕು ಬಗೆಯ ಮಾಹಿತಿ ಎಲ್ಲರಿಗೂ ತೆರೆದಿರಬೇಕೆಂಬುದು ಅವರ ಪ್ರತಿಪಾದನೆ. ಅಮೆರಿಕದ ಜಾನ್ ಹೋಲ್ಟ್ 1977ರಲ್ಲಿ, ಅಂದರೆ ಮೂರು ಸ್ವರಗುಚ್ಛಗಳ ಚಿತ್ರ ಅಚ್ಚಾದ ವರ್ಷದಲ್ಲೇ, ‘ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಮಕ್ಕಳು ಮನೆಯಲ್ಲಿಯೇ ಕಲಿಯುತ್ತಿದ್ದ ಕುಟುಂಬಗಳು ತಮ್ಮ ಅನುಭವವನ್ನು ಬರೆದ ಪತ್ರಗಳು ಅದರ ಪುಟಗಳನ್ನು ತುಂಬುತ್ತಿದ್ದವು. ಇವರಾರೂ ಪಂಕ್ ಸಂಗೀತಗಾರರಲ್ಲ. ಆದರೂ ಸ್ವಯಂಕಲಿಕೆ ನಿಲ್ಲುವುದು ಅನುಭವದ ಬಹಿರಂಗ ವಿನಿಮಯದ ಮೇಲೆ ಎಂಬ ವಿಷಯದಲ್ಲಿ ಇಬ್ಬರ ದಾರಿಯೂ ಒಂದೇ.

ಆದುದರಿಂದ ‘ನೀನೇ ಮಾಡು’ ಎಂಬುದನ್ನು ‘ಒಂಟಿಯಾಗಿ ಮಾಡು’ ಎಂದು ಅರ್ಥೈಸಬಾರದು. ಅದರಲ್ಲಿ ಮೂರು ನಿಯಮಗಳು ಅಡಕವಾಗಿವೆ. ಪೂರ್ತಿ ಸಿದ್ಧರಾಗುವವರೆಗೆ ಕಾಯದೆ ಆರಂಭಿಸುವುದು. ಸಿದ್ಧವಸ್ತುವನ್ನು ಬಿಚ್ಚಿ ನೋಡಿ ಅದರ ಕ್ರಮವನ್ನು ತಿಳಿಯುವುದು. ಮಾಡಿದ ಬಗೆಯನ್ನೂ ಖರ್ಚನ್ನೂ ಎಡವಿದ ಜಾಗಗಳನ್ನೂ ಮುಂದಿನವರಿಗೆ ಬರೆದಿಡುವುದು. ಮೊದಲೆರಡನ್ನು ಪಾಲಿಸಿದವನು ತಾನು ಕಲಿಯುತ್ತಾನೆ. ಮೂರನೆಯದನ್ನೂ ಪಾಲಿಸಿದರೆ ಊರು ಕಲಿಯುತ್ತದೆ.

ಆ ಚಳವಳಿ ಎಡವಿದ ಕಡೆಗಳು

ಮೆಚ್ಚುವುದರ ಜೊತೆಗೆ ಎಚ್ಚರವೂ ಬೇಕು. ಮೂರು ಸ್ವರಗುಚ್ಛಗಳು ಬಾಗಿಲನ್ನು ತೆರೆಯಬಲ್ಲವು, ಅಷ್ಟೇ. ಬಜ್‌ಕಾಕ್ಸ್ ತಂಡ ಧ್ವನಿಮುದ್ರಣದ ಮೇಲ್ವಿಚಾರಣೆಗೆ ಮಾರ್ಟಿನ್ ಹ್ಯಾನೆಟ್ ಎಂಬುವರನ್ನು ಕರೆದುಕೊಂಡಿತ್ತು. ತಮಗೆ ತಿಳಿಯದುದನ್ನು ತಿಳಿದವರಿಂದ ಪಡೆಯುವುದು ಸ್ವಯಂಕಲಿಕೆಗೆ ವಿರುದ್ಧವಲ್ಲ. ಗಿಟಾರಿನಲ್ಲಿ ತಪ್ಪಿದರೆ ಅಪಸ್ವರ ಹೊರಡುತ್ತದೆ, ಹೆಚ್ಚಿನ ಹಾನಿಯಿಲ್ಲ. ಕಾಡಿನ ಅಣಬೆಯನ್ನು ಗುರುತಿಸುವಲ್ಲಿ, ಕೀಟನಾಶಕವನ್ನು ಬೆರೆಸುವಲ್ಲಿ, ಹಾವು ಕಚ್ಚಿದಾಗ ಚಿಕಿತ್ಸೆ ನೀಡುವಲ್ಲಿ ತಪ್ಪಿದರೆ ಪ್ರಾಣ ಹೋಗುತ್ತದೆ. ಎಲ್ಲಿ ಪ್ರಯೋಗ ಮಾಡಬಹುದು, ಎಲ್ಲಿ ಬಲ್ಲವರನ್ನು ಕೇಳಿಯೇ ತೀರಬೇಕು ಎಂಬ ವಿವೇಕ ಸ್ವಯಂಕಲಿಕೆಯ ಮೊದಲ ಪಾಠವಾಗಬೇಕು.

ಎರಡನೆಯದಾಗಿ, ಎಲ್ಲರಿಗೂ ತೆರೆದಿದೆ ಎಂದು ಸಾರಿದ ವೇದಿಕೆ ಎಲ್ಲರಿಗೂ ತೆರೆದಿರಲಿಲ್ಲ. ಲಂಡನ್ನಿನ ಸ್ಲಿಟ್ಸ್, ರೇನ್‌ಕೋಟ್ಸ್ ತಂಡಗಳ ಹುಡುಗಿಯರು ವಾದ್ಯವನ್ನು ಕಲಿಯುತ್ತಲೇ ವೇದಿಕೆ ಏರಿದ್ದು ನಿಜ. ಆದರೆ 1980ರ ದಶಕದ ಅಮೆರಿಕದಲ್ಲಿ ಪಂಕ್ ಕಾರ್ಯಕ್ರಮಗಳು ಗಂಡಸರ ನೂಕುನುಗ್ಗಲಿನ ತಾಣಗಳಾದವು, ಹುಡುಗಿಯರು ಹಿಂದಿನ ಗೋಡೆಗೆ ಒರಗಿ ನಿಲ್ಲಬೇಕಾಯಿತು. 1991ರ ಸುಮಾರಿಗೆ ಒಲಿಂಪಿಯಾ ಮತ್ತು ವಾಷಿಂಗ್ಟನ್ ನಗರಗಳಲ್ಲಿ ‘ರಯಟ್ ಗರ್ಲ್’ ಎಂಬ ಹೆಸರಿನಲ್ಲಿ ಅವರು ಸಂಘಟಿತರಾಗಿ, ತಮ್ಮದೇ ಕೈಪತ್ರಿಕೆಗಳನ್ನು ಹೊರತಂದು, ಸಭೆಗಳನ್ನು ನಡೆಸಿ, ಕಾರ್ಯಕ್ರಮಗಳಲ್ಲಿ ಹುಡುಗಿಯರು ಮುಂದಕ್ಕೆ ಬರಲಿ ಎಂದು ಕರೆದರು. ನಮ್ಮ ತರಬೇತಿ ಶಿಬಿರಗಳಲ್ಲಿ ಕುರ್ಚಿಯಲ್ಲಿ ಕುಳಿತು ಕೇಳುವವರು ಯಾರು, ಅಡುಗೆಮನೆಯಲ್ಲಿ ಉಳಿಯುವವರು ಯಾರು ಎಂಬ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕು. ಬೀಜವನ್ನು ಆರಿಸಿ, ಒಣಗಿಸಿ, ಕಾಪಿಡುವ ಜ್ಞಾನ ಯಾರಲ್ಲಿದೆಯೋ ಅವರೇ ಬೀಜದ ಬಗೆಗಿನ ಭಾಷಣಕ್ಕೆ ಗೈರುಹಾಜರಾಗುವುದು ಮಲೆನಾಡಿನಲ್ಲಿ ಅಪರೂಪವಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. 2008ರಲ್ಲಿ ಅಮೆರಿಕದ ವರ್ಜೀನಿಯಾದ ಮೇರಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಜಿಮ್ ಗ್ರೂಮ್ ಅವರು ‘ಎಜುಪಂಕ್’ ಎಂಬ ಪದವನ್ನು ಬಳಕೆಗೆ ತಂದರು. ಕಂಪನಿಗಳು ಮಾರುವ ಸಿದ್ಧ ಬೋಧನಾ ತಂತ್ರಾಂಶಗಳನ್ನು ಕೊಂಡು ಅವುಗಳೊಳಗೆ ವಿದ್ಯಾರ್ಥಿಗಳನ್ನು ಕೂಡಿಹಾಕುವ ಬದಲು, ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಕಲಿಕೆಯ ಸಾಧನಗಳನ್ನು ತಾವೇ ಕಟ್ಟಿಕೊಳ್ಳಲಿ ಎಂಬುದು ಅದರ ಆಶಯ. ಪದ ಬಹುಬೇಗ ಹಬ್ಬಿತು. ಅಷ್ಟೇ ಬೇಗ, ಕಾಲೇಜನ್ನು ಬಿಟ್ಟು ಅಗ್ಗದಲ್ಲಿ ಅರ್ಹತಾಪತ್ರ ಗಳಿಸುವ ಮಾರ್ಗಗಳಿಗೂ ಅದೇ ಹೆಸರನ್ನು ಅಂಟಿಸಲಾಯಿತು. ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಹಣ ಕಡಿತವಾಗುತ್ತಿದ್ದ ಕಾಲದಲ್ಲಿ, ಕಲಿಯುವುದು ನಿಮ್ಮ ನಿಮ್ಮ ಜವಾಬ್ದಾರಿ ಎನ್ನುವ ವಾದಕ್ಕೆ ಅದು ಒದಗಿಬಂತು. ಪದವನ್ನು ಹುಟ್ಟುಹಾಕಿದವರೇ 2011ರ ವೇಳೆಗೆ ಅದರಿಂದ ದೂರ ಸರಿದರು.

ಆ ವಾದ ಮರೆಮಾಚುವ ಒಂದು ಸತ್ಯವನ್ನು ಪಂಕ್‌ನ ಇತಿಹಾಸವೇ ಹೇಳುತ್ತದೆ. ಬಜ್‌ಕಾಕ್ಸ್ ತಂಡದ ಹೋವರ್ಡ್ ಡಿವೋಟೊ ಮತ್ತು ಪೀಟ್ ಶೆಲಿ ಪರಸ್ಪರ ಕಂಡುಕೊಂಡದ್ದು ಬೋಲ್ಟನ್ ತಾಂತ್ರಿಕ ವಿದ್ಯಾಲಯದ ಸೂಚನಾಫಲಕದ ಮೇಲೆ ಅಂಟಿಸಿದ ಒಂದು ಚೀಟಿಯ ಮೂಲಕ. 1976ರ ಜೂನ್ 4ರಂದು ಅವರು ಮ್ಯಾಂಚೆಸ್ಟರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡದ ಕಾರ್ಯಕ್ರಮವನ್ನು ಏರ್ಪಡಿಸಿದ್ದು ನಗರಾಡಳಿತಕ್ಕೆ ಸೇರಿದ ಸಭಾಂಗಣದಲ್ಲಿ. ರೇನ್‌ಕೋಟ್ಸ್ ತಂಡ ಹುಟ್ಟಿದ್ದು ಲಂಡನ್ನಿನ ಹಾರ್ನ್‌ಸಿ ಕಲಾಶಾಲೆಯಲ್ಲಿ. ನಿರುದ್ಯೋಗ ಭತ್ಯೆ, ವಿದ್ಯಾರ್ಥಿ ವೇತನ, ಸಾರ್ವಜನಿಕ ಗ್ರಂಥಾಲಯ ಇವು ಅನೇಕರಿಗೆ ಹೊಟ್ಟೆಯನ್ನೂ ಸಮಯವನ್ನೂ ಒದಗಿಸಿದ್ದವು. ತಾವೇ ಮಾಡಿದೆವು ಎಂದವರ ಕಾಲಡಿಯಲ್ಲಿ ಸಾರ್ವಜನಿಕ ನೆಲವಿತ್ತು. ಹಾಗಿರುವಾಗ ಸ್ವಯಂಕಲಿಕೆಯ ಹೆಸರು ಹೇಳಿ ಗುಡ್ಡದ ಮೇಲಿನ ಶಾಲೆಯನ್ನು ಮುಚ್ಚುವುದು, ಬೇರನ್ನು ಕಡಿದು ಮರವನ್ನು ಸ್ವಾವಲಂಬಿಯಾಗು ಎಂದು ಹರಸಿದಂತೆ. ತಾವಾಗಿ ಕಲಿಯಬಯಸುವ ಮಕ್ಕಳಿಗೂ ಒಬ್ಬರನ್ನೊಬ್ಬರು ಕಂಡುಕೊಳ್ಳಲು ಒಂದು ಸೂಚನಾಫಲಕ, ಒಂದು ಕೊಠಡಿ, ಪ್ರಶ್ನೆ ಕೇಳಲು ಒಬ್ಬ ಮೇಷ್ಟ್ರು ಬೇಕು. ಶಾಲೆಯನ್ನು ಉಳಿಸಿಕೊಳ್ಳುವ ಹೋರಾಟವೂ ತಾನಾಗಿ ಕಲಿಯುವ ಹಂಬಲವೂ ಒಂದನ್ನೊಂದು ಪೋಷಿಸುತ್ತವೆ.

ನಮ್ಮ ಹೊದಿಕೆಯ ಮೇಲೆ ಏನು ಬರೆಯೋಣ?

ಇಷ್ಟನ್ನು ಮಲೆನಾಡಿಗೆ ಅನ್ವಯಿಸುವುದು ಹೇಗೆ? ಗಿಟಾರನ್ನು ಕೊಳ್ಳುವ ಅಗತ್ಯವಿಲ್ಲ. ಲೆಕ್ಕವನ್ನು ಬಹಿರಂಗಪಡಿಸುವ ಸಂಪ್ರದಾಯ ನಮ್ಮ ತೋಟಗಳಿಗೆ ಹೊಸತೂ ಅಲ್ಲ. 1885ರಲ್ಲಿ ಫ್ರಾನ್ಸಿನ ಮಿಯಾರ್ಡೆ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಬೋರ್ಡೋ ದ್ರಾವಣವನ್ನು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಬ್ಬಿಣದ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ. ಅಳತೆಯೂ ಪರೀಕ್ಷೆಯೂ ಒಂದೇ ಉಸಿರಿನಲ್ಲಿ ಹೇಳಬಹುದಾದಷ್ಟು ತೆರೆದಿದ್ದುದರಿಂದಲೇ ಅದು ಯಾವ ಕಂಪನಿಯ ಹಂಗೂ ಇಲ್ಲದೆ ಮನೆಮನೆಗೆ ತಲುಪಿತು. 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಎಂಬ ತತ್ತ್ವದ ಮೇಲೆ ನಡೆದು, ಕೃಷಿಕನ ಅನುಭವವನ್ನು ಕೃಷಿಕನೇ ಬರೆಯುವ ರೂಢಿಯನ್ನು ಬೆಳೆಸಿತು.

ಈಗ ಬಿಚ್ಚಿ ನೋಡಬೇಕಾದ ಹೊದಿಕೆಯೊಂದು ಪ್ರತಿಯೊಂದು ಗ್ರಾಮ ಪಂಚಾಯಿತಿಯ ಕಪಾಟಿನಲ್ಲಿ ಇರಬೇಕಾಗಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಊರವರ ಸಹಭಾಗಿತ್ವದಲ್ಲಿ ಸಿದ್ಧಪಡಿಸಬೇಕು. ಹತ್ತಾರು ವರ್ಷ ಈ ಕೆಲಸ ನಿಧಾನವಾಗಿಯೇ ಸಾಗಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದರೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದು ರಾಜ್ಯಗಳನ್ನು ಎಚ್ಚರಿಸಿದ ಮೇಲೆ ದೇಶದಾದ್ಯಂತ ದಾಖಲಾತಿಗಳು ತರಾತುರಿಯಲ್ಲಿ ತಯಾರಾದವು. ನಿಮ್ಮ ಊರಿನ ದಾಖಲಾತಿಯಲ್ಲಿ ನಿಮ್ಮ ಊರು ಇದೆಯೇ? ನಿಮ್ಮ ದೇವರಕಾಡಿನ ಮರಗಳು, ಬೇಸಿಗೆಯಲ್ಲಿಯೂ ಬತ್ತದ ಒರತೆ, ಅಪ್ಪೆಮಿಡಿಯ ತಳಿಗಳು, ಹಳ್ಳದ ಮೀನುಗಳು ಅದರಲ್ಲಿವೆಯೇ? ಅದು ಜನರ ದಾಖಲೆ. ಪಂಚಾಯಿತಿಗೆ ಹೋಗಿ ಕೇಳಿ, ತೆರೆದು ನೋಡಿ, ಬಿಟ್ಟುಹೋದುದನ್ನು ಪಟ್ಟಿಮಾಡಿ ಸಮಿತಿಯ ಮುಂದಿಡಿ. ನಾಳೆ ಯಾವುದಾದರೊಂದು ಯೋಜನೆಯ ವರದಿ ನಿಮ್ಮ ಕಣಿವೆಯಲ್ಲಿ ವಿಶೇಷವಾದುದೇನೂ ಇಲ್ಲ ಎಂದು ಹೇಳಿದರೆ, ಉತ್ತರ ಕೊಡಬಲ್ಲುದು ಈ ಪುಟಗಳೇ.

ಇನ್ನೊಂದು ಸರಳ ಕೆಲಸವನ್ನು ವಿದ್ಯಾರ್ಥಿ ಮಿತ್ರರ ಮುಂದಿಡುತ್ತೇವೆ. ಊರಿನ ಝರಿಯ ನೀರನ್ನು ದಬ್ಬೆಯ ಮೂಲಕ ಒಂದೆಡೆ ಬೀಳುವಂತೆ ಮಾಡಿ, 20 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಗಡಿಯಾರ ಹಿಡಿದು ನೋಡಿ. 40 ಸೆಕೆಂಡ್ ಹಿಡಿದರೆ ಸೆಕೆಂಡಿಗೆ ಅರ್ಧ ಲೀಟರ್, ಗಂಟೆಗೆ 1,800 ಲೀಟರ್, ದಿನಕ್ಕೆ 43,200 ಲೀಟರ್. ಮೂರು ಬಾರಿ ಅಳೆದು ಸರಾಸರಿ ತೆಗೆಯಿರಿ. ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಬಕೆಟಿನಿಂದ ಅಳೆದು ವರ್ಷವಿಡೀ ಬರೆದಿಟ್ಟರೆ ಮಳೆಗಾಲ ಮುಗಿದ ಮೇಲೆ ಗುಡ್ಡ ಎಷ್ಟು ಕಾಲ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ. ಪಕ್ಕದ ಊರಿನವರೂ ಅದೇ ಕ್ರಮದಲ್ಲಿ ಅಳೆದರೆ ಕಾಡಿರುವ ಗುಡ್ಡವನ್ನೂ ಬೋಳುಗುಡ್ಡವನ್ನೂ ಹೋಲಿಸಬಹುದು. ಮಳೆ, ಮಣ್ಣು, ಇಳಿಜಾರು ಬೇರೆ ಬೇರೆಯಾದರೆ ಹೋಲಿಕೆ ದಾರಿತಪ್ಪಿಸೀತು, ಆದ್ದರಿಂದ ಅವುಗಳನ್ನೂ ಬರೆದಿಡಿ. ಪದವಿ ಬೇಕಿಲ್ಲ, ಪ್ರಯೋಗಾಲಯ ಬೇಕಿಲ್ಲ. ಬೇಕಾದದ್ದು ಶಿಸ್ತು ಮತ್ತು ಪ್ರಾಮಾಣಿಕತೆ. ಅಳೆಯದ ವಾರವನ್ನು ಅಂದಾಜಿನಿಂದ ತುಂಬದೆ ಖಾಲಿ ಬಿಡುವ ಪ್ರಾಮಾಣಿಕತೆ.

ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯಲ್ಲಿ ‘ಲೆಕ್ಕದ ಪುಟ’ ಎಂಬ ಒಂದು ಪುಟವನ್ನು ಓದುಗರಿಗಾಗಿಯೇ ಮೀಸಲಿಡುತ್ತಿದ್ದೇವೆ. ನೀವು ತಾನಾಗಿ ಕಲಿತ ಯಾವುದೇ ಕೆಲಸವನ್ನು ಅದಕ್ಕೆ ಬರೆದು ಕಳುಹಿಸಬಹುದು. ಇಂಗುಗುಂಡಿ ತೋಡಿದ್ದು, ಕಸಿ ಕಟ್ಟಿದ್ದು, ಜೇನುಪೆಟ್ಟಿಗೆ ಮಾಡಿದ್ದು, ದಾಖಲಾತಿಯನ್ನು ತಿದ್ದಿಸಿದ್ದು, ಝರಿಯನ್ನು ಅಳೆದದ್ದು, ಯಾವುದಾದರೂ ಸರಿ. ನಾಲ್ಕು ಸಂಗತಿಗಳು ಮಾತ್ರ ಕಡ್ಡಾಯ: ಎಷ್ಟು ಖರ್ಚಾಯಿತು, ಎಷ್ಟು ದಿನ ಹಿಡಿಯಿತು, ಸಾಮಗ್ರಿ ಎಲ್ಲಿ ದೊರೆಯಿತು, ಎಷ್ಟನೆಯ ಪ್ರಯತ್ನದಲ್ಲಿ ಕೈಗೂಡಿತು. ಕೈಗೂಡದಿದ್ದರೆ ಅದನ್ನೂ ಬರೆಯಿರಿ. ಭಾಷೆಯ ಬೆಡಗಿಗಾಗಿ ಕಾಯಬೇಡಿ, ಅಕ್ಷರದೋಷಕ್ಕೆ ಅಂಜಬೇಡಿ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಅನುಭವವಾದರೆ ಮೊಮ್ಮಗಳು ಬರೆದುಕೊಡಲಿ, ಹೆಸರು ಮಾತ್ರ ಅಜ್ಜಿಯದೇ ಇರಲಿ. ಮಳೆಗಾಲದೊಳಗೆ ಬಂದ ಬರಹಗಳನ್ನು ಮೊದಲ ಪುಟಕ್ಕೆ ತೆಗೆದುಕೊಳ್ಳಲಾಗುವುದು.